ಸುಬಾರು ಇಜೆ22: ವಿಮಾನದಲ್ಲಿ ಕಾರಿನ ಎಂಜಿನ್, ಹಲವು ವರ್ಷಗಳ ಬಳಕೆಯ ನಂತರ

ನಾನೇ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ಸುಬಾರು ಇಜೆ22 ಕೂರಿಸಿ ಹಲವು ವರ್ಷಗಳಾದವು. ಎಂಜಿನ್ ಅಪ್ಪಟ ಚಿನ್ನ. ತಲೆನೋವೆಲ್ಲ ಅದರ ಸುತ್ತಮುತ್ತಲಿನ ಸಾಮಾನುಗಳದ್ದು.

2.2 ಲೀಟರ್, ಎದುರುಬದುರು ಮಲಗಿದ ನಾಲ್ಕು ಸಿಲಿಂಡರ್. ಚಳಿಯಲ್ಲೂ ಥಟ್ಟನೆ ಸ್ಟಾರ್ಟ್ ಆಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವುದರಿಂದ ಕಾರ್ಬುರೇಟರ್‌ನಲ್ಲಿ ಐಸ್ ಕಟ್ಟುವ ಭಯವಿಲ್ಲ. ಕಾರಿನ ಪೆಟ್ರೋಲೇ ಸಾಕು.

ಕಾರು ಹೆದ್ದಾರಿಯಲ್ಲಿ ಎಂಜಿನ್ನಿನ ಶಕ್ತಿಯಲ್ಲಿ ಸ್ವಲ್ಪವನ್ನೇ ಬಳಸುತ್ತದೆ. ವಿಮಾನ ಗಂಟೆಗಟ್ಟಲೆ ಶೇ. 65ರಿಂದ 75ರಷ್ಟು ಕೇಳುತ್ತದೆ. ಇಷ್ಟನ್ನೂ ಇದು ತಾಳಿಕೊಂಡಿದೆ. ಆದರೆ ಮೇಲೇರುವಾಗ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬಿಸಿ ಏರುತ್ತಿತ್ತು. ದೊಡ್ಡ ರೇಡಿಯೇಟರ್ ಹಾಕಿದರೂ ಪ್ರಯೋಜನವಾಗಲಿಲ್ಲ. ಗಾಳಿ ಒಳಗೆ ಬಂದು ಹೊರಗೆ ಹೋಗುವ ದಾರಿಯನ್ನು ಹೊಸದಾಗಿ ಮಾಡಿದ ಮೇಲೆ ಸರಿಹೋಯಿತು.

ನಿಜವಾದ ಕಷ್ಟ ರಿಡಕ್ಷನ್ ಡ್ರೈವ್‌ದು, ಅಂದರೆ ಎಂಜಿನ್ ಮತ್ತು ಪ್ರೊಪೆಲ್ಲರ್ ನಡುವೆ ಕೂತು ವೇಗ ಇಳಿಸುವ ಗೇರ್‌ಬಾಕ್ಸ್‌ದು. ಈ ಎಂಜಿನ್ ಪೂರ್ತಿ ಶಕ್ತಿ ಕೊಡುವುದು 5000 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ದಾಟಿದ ಮೇಲೆ. ಪ್ರೊಪೆಲ್ಲರನ್ನು ಅಷ್ಟು ಜೋರಾಗಿ ತಿರುಗಿಸಿದರೆ ಅದರ ತುದಿಗಳು ಶಬ್ದದ ವೇಗವನ್ನೇ ದಾಟುತ್ತವೆ. ಗದ್ದಲ ಜಾಸ್ತಿ, ಎಳೆತ ಕಡಿಮೆ. ಅದಕ್ಕೇ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ವಿಮಾನಕ್ಕೆಂದೇ ಮಾಡಿದ ಲೈಕಮಿಂಗ್ ಓ-320 ಎಂಜಿನ್‌ಗೆ ಈ ಗೋಜೇ ಇಲ್ಲ, ಅದು 2700 ಆರ್‌ಪಿಎಂನಲ್ಲಿ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸುತ್ತದೆ.

ಸಿಲಿಂಡರ್‌ಗಳು ಒಂದೊಂದಾಗಿ ಒದೆಯುತ್ತವೆ, ಪ್ರೊಪೆಲ್ಲರ್ ಭಾರವಾಗಿ ತಡೆಯುತ್ತದೆ, ನಡುವಿನ ಶಾಫ್ಟ್ ಹಿಂದೆ ಮುಂದೆ ತಿರುಚುತ್ತದೆ. ಕೆಲವು ಆರ್‌ಪಿಎಂನಲ್ಲಿ ಈ ತಿರುಚಾಟ ಬೆಳೆದು ಗೇರಿನ ಹಲ್ಲು ತಿನ್ನುತ್ತದೆ. ನನ್ನ ಮೊದಲ ಡ್ರೈವ್ ಐಡಲ್‌ನಲ್ಲಿ ಕಟಕಟ ಎನ್ನುತ್ತಿತ್ತು. ಬಿಚ್ಚಿದಾಗ ಹಲ್ಲುಗಳ ಮೇಲೆ ಗುಳಿಗಳು. "ಅದು ಮಾಮೂಲು" ಎಂದರು ತಯಾರಕರು. ನಾನು ಒಪ್ಪಲಿಲ್ಲ, ತೆಗೆದೇಬಿಟ್ಟೆ. ಈಗಿನ ಡ್ರೈವ್‌ನಲ್ಲಿ ತಿರುಚಾಟ ಹೀರಿಕೊಳ್ಳುವ ರಬ್ಬರ್ ಕಪ್ಲಿಂಗ್ ಇದೆ, ಸದ್ದಿಲ್ಲ. ಇದೇನು ಮನೆಯಲ್ಲಿ ವಿಮಾನ ಕಟ್ಟುವವರ ಕಷ್ಟ ಮಾತ್ರ ಅಲ್ಲ. ಮರ್ಸಿಡಿಸ್ ಎ-ಕ್ಲಾಸ್ ಡೀಸೆಲ್‌ನಿಂದ ಮಾಡಿದ ಥೀಲರ್ಟ್ 1.7 ಎಂಜಿನ್‌ಗೆ ವಿಮಾನದಲ್ಲಿ ಬಳಸಲು 2002ರಲ್ಲೇ ಮಾನ್ಯತೆ ಸಿಕ್ಕಿತ್ತು, ಆದರೂ ಅದರ ಗೇರ್‌ಬಾಕ್ಸ್ ಅನ್ನು 300 ಗಂಟೆಗೊಮ್ಮೆ ಬಿಚ್ಚಬೇಕಿತ್ತು!

ಇನ್ನು ಕರೆಂಟು. ಲೈಕಮಿಂಗ್‌ನಂಥ ವಿಮಾನದ ಎಂಜಿನ್‌ಗೆ ಎರಡು ಮ್ಯಾಗ್ನೆಟೊ (ತಾವೇ ಕಿಡಿ ಹುಟ್ಟಿಸುವ ಸಾಧನ) ಇರುತ್ತವೆ, ಬ್ಯಾಟರಿ ಸತ್ತರೂ ಅದು ನಡೆಯುತ್ತದೆ. ಇಜೆ22 ಹಾಗಲ್ಲ. ಕರೆಂಟು ಹೋದರೆ ಎಂಜಿನ್ನೂ ಹೋಯಿತು. ಎರಡನೇ ಬ್ಯಾಟರಿ, ಎರಡನೇ ಫ್ಯುಯೆಲ್ ಪಂಪ್ ಬೇಕೇ ಬೇಕು. ಟೈಮಿಂಗ್ ಬೆಲ್ಟನ್ನೂ ಕಾರಿನ ಲೆಕ್ಕಕ್ಕಿಂತ ಬಹಳ ಮುಂಚೆಯೇ ಬದಲಾಯಿಸುತ್ತೇನೆ.

ಸ್ಪ್ಯಾನರ್ ಹಿಡಿಯಲು ಇಷ್ಟವಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಸುಮ್ನೆ ಹಾರಿದರೆ ಸಾಕು ಅನ್ನುವವರು ಲೈಕಮಿಂಗ್ ತೆಗೆದುಕೊಳ್ಳಿ. ಡ್ರೈವ್ ಕೊಳ್ಳುವ ಮುಂಚೆ ಮಾತ್ರ, ನೀವು ಹಾಕಲಿರುವ ಪ್ರೊಪೆಲ್ಲರ್ ಜೊತೆಗೇ ತಿರುಚು ಕಂಪನ ಅಳೆದಿದ್ದಾರಾ ಅಂತ ಕೇಳಿ. ಅಳತೆಯ ಕಾಗದ ತೋರಿಸದವರಿಂದ ಕೊಳ್ಳಬೇಡಿ.