ಮುರುಗಲ ತುಪ್ಪ: ರೇಷ್ಮೆಯ ಪರೀಕ್ಷೆಯಲ್ಲಿ ಪಾಸು, ಚೀಟಿಯ ಮಾತಿನಲ್ಲಿ ಫೇಲು

ಶಿರಸಿಯ ಬಿಡ್ಕಿಬೈಲಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಮುರುಗಲ ತುಪ್ಪ, ಅಂದರೆ ಒಡೆದ ಕೈಕಾಲಿಗೆ ಹಚ್ಚುವ ಕೋಕಂ ಬೀಜದ ಗಟ್ಟಿ ಕೊಬ್ಬು, ಸಿಗುತ್ತದೆ. ಚೆನ್ನಾಗಿದೆ, ಕೊಳ್ಳಬಹುದು. ಆದರೆ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿರುವುದನ್ನೆಲ್ಲ ನಂಬಬೇಡಿ.

ನಾನು ಟೈಲರ್. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ, ಕುಚ್ಚು ಕಟ್ಟುತ್ತೇನೆ. ಅಡಿಕೆ ಕೊಯ್ಲು ಶುರುವಾದರೆ ಸಂಜೆ ಹೊತ್ತು ಅಕ್ಕಪಕ್ಕದವರ ಮನೆಗೆ ಸುಲಿಯಲೂ ಹೋಗುತ್ತೇನೆ. ಮಷಿನ್ ಬಂದಿದ್ದರೂ ನಮ್ಮ ಕಡೆ ಮೆಟ್ಟುಗತ್ತಿ ಇನ್ನೂ ಮೂಲೆ ಸೇರಿಲ್ಲ. ಹಸಿ ಅಡಿಕೆ ಸುಲಿದವರಿಗೆ ಗೊತ್ತು, ಅದರ ಚೊಗರು ಕೈಗೆ ಹತ್ತಿದರೆ ಬೆರಳೆಲ್ಲ ಕಪ್ಪು. ಕಪ್ಪಾದರೆ ಆಗಲಿ, ಚರ್ಮ ಬಿರುಸಾಗುವುದೇ ದೊಡ್ಡ ತಲೆನೋವು. ಮೇಲಿಂದ ಘಟ್ಟದ ಮೇಲಿನ ಚಳಿ. ಹೆಬ್ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸಿಪ್ಪೆ ಏಳುತ್ತದೆ. ಕಣ್ಣಿಗೆ ಕಾಣುವುದೂ ಇಲ್ಲ. ಬೆಳಿಗ್ಗೆ ಯಾರದ್ದೋ ಮದುವೆಯ ರೇಷ್ಮೆ ಸೀರೆ ಮುಟ್ಟಿದ ಕೂಡಲೇ ಸರ್ ಅಂತ ಎಳೆ ಸಿಕ್ಕಿಕೊಳ್ಳುತ್ತದೆ. ಒಂದು ಎಳೆ ಎದ್ದರೆ ಮುಗೀತು, ಗಿರಾಕಿಗೆ ಏನು ಹೇಳೋದು?

ಹಾಗಾಗಿ ನನಗೆ ಕ್ರೀಮಿನ ಪರಿಮಳವೂ ಬೇಡ, ಅದು ಕೊಡುವ ಹೊಳಪೂ ಬೇಡ. ನಾನು ನೋಡುವುದು ಎರಡೇ. ಬೆಳಿಗ್ಗೆ ಬೆರಳು ರೇಷ್ಮೆ ಮೇಲೆ ಸಲೀಸಾಗಿ ಹೋಗಬೇಕು. ಬಟ್ಟೆಗೆ ಜಿಡ್ಡಿನ ಕಲೆ ಆಗಬಾರದು. ತೆಂಗಿನೆಣ್ಣೆ ಮೊದಲನೆಯದರಲ್ಲೇ ಅರ್ಧಂಬರ್ಧ. ರಾತ್ರಿ ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಹೊದಿಕೆಗೆ ಹೋಗುತ್ತದೆ. ವ್ಯಾಸಲೀನ್ ಕೆಲಸವನ್ನೇನೋ ಮಾಡುತ್ತದೆ, ಸುಳ್ಳು ಹೇಳಬಾರದು, ಅಗ್ಗವೂ ಹೌದು. ಆದರೆ ಆ ಅಂಟಂಟು ನನಗಾಗುವುದಿಲ್ಲ.

ಮುರುಗಲ ತುಪ್ಪ ಎರಡರಲ್ಲೂ ಪಾಸು. ಮಲಗುವ ಮೊದಲು ಕೈ ತೊಳೆದು, ಪೂರ್ತಿ ಒಣಗುವ ಮುಂಚೆಯೇ ಹಚ್ಚಬೇಕು. ಚರ್ಮದಲ್ಲಿರುವ ನೀರು ಆರಿಹೋಗದ ಹಾಗೆ ತಡೆಯುವುದೇ ಇದರ ಕೆಲಸ. ತಾನಾಗಿ ನೀರು ಕೊಡುವುದಿಲ್ಲ. ಒಣಗಿ ಕಟ್ಟಿಗೆಯಾದ ಕೈಗೆ ಸುಮ್ನೆ ತಿಕ್ಕಿದರೆ ಅರ್ಧ ಪ್ರಯೋಜನ. ಬೆಳಿಗ್ಗೆ ಸೋಪು ಹಾಕಿ ತೊಳೆದು, ಬಿಳಿ ಕರ್ಚೀಫಿನ ಮೇಲೆ ಬೆರಳು ಒತ್ತಿ ನೋಡಿ, ಆಮೇಲೆ ರೇಷ್ಮೆಗೆ ಕೈ ಹಾಕುತ್ತೇನೆ. ಇದುವರೆಗೆ ಕಲೆ ಆಗಿಲ್ಲ.

ಒಡೆದ ಹಿಮ್ಮಡಿಗಂತೂ ನಮ್ಮೂರಲ್ಲಿ ಹಿಂದಿನಿಂದಲೂ ಇದೇ ಮದ್ದು. ಬಿಸಿನೀರಲ್ಲಿ ಕಾಲಿಟ್ಟು, ಒರೆಸಿ, ಕರಗಿಸಿದ ತುಪ್ಪವನ್ನು ಒಡಕಿನೊಳಗೆ ಹೋಗುವ ಹಾಗೆ ಹಚ್ಚಿ, ಹಳೆ ಕಾಲುಚೀಲ ಹಾಕಿ ಮಲಗುವುದು. ರಕ್ತ ಬರುವಷ್ಟು ಒಡೆದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ. ಮುಖಕ್ಕೆ ನಾನು ಹಚ್ಚುವುದಿಲ್ಲ. ತುಟಿಗೆ ಹಚ್ಚುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕರಾವಳಿಯವರು ಬಿರಿಂಡೆ ಅನ್ನುತ್ತಾರಲ್ಲ, ಕೋಕಂ, ಅದೇ ಮುರುಗಲು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆ ಪಾನಕಕ್ಕೆ, ಸಾರಿಗೆ. ಬೀಜ ಒಣಗಿಸಿ, ಮೇಲಿನ ಓಡು ತೆಗೆದು, ಒಳಗಿನ ಬೇಳೆಯನ್ನು ಕುಟ್ಟಿ, ನೀರಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ, ಅದನ್ನೇ ಎತ್ತಿ ಉಂಡೆ ಕಟ್ಟುವುದು. ಬೀಜದ ತೂಕದ ಸುಮಾರು ಕಾಲು ಭಾಗ ಎಣ್ಣೆ ಅಂಶ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ, ಉಳಿದದ್ದು ಹೆಚ್ಚುಕಡಿಮೆ ಓಲಿಕ್ ಆಮ್ಲ. ಸ್ಟಿಯರಿಕ್ ಅಷ್ಟೊಂದು ಇರುವುದರಿಂದಲೇ ಕಲ್ಲಿನ ಹಾಗೆ ಗಟ್ಟಿ. ಕರಗಬೇಕಾದರೆ 38ರಿಂದ 40 ಡಿಗ್ರಿ ಬೇಕು. ಅಂಗೈ ಬಿಸಿಗೆ ಬೆಣ್ಣೆ ಹಾಗೆ ಕರಗಿಹೋದರೆ ಅದರಲ್ಲಿ ಬೇರೆ ಏನೋ ಬೆರೆಸಿದ್ದಾರೆ ಅಂತ ನನ್ನ ಅನುಮಾನ. ಈ ಅಂಗಡಿಯದ್ದು ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಬರುತ್ತದೆ, ಮುರಿದರೆ ಟಕ್ ಅನ್ನುತ್ತದೆ. ಬಣ್ಣ ಬೂದು ಮಿಶ್ರಿತ ಹಳದಿ. ವಾಸನೆ ಹೆಚ್ಚಿಲ್ಲ, ಮೂಗಿನ ಹತ್ತಿರ ಹಿಡಿದರೆ ಸ್ವಲ್ಪ ಹೊಗೆ ವಾಸನೆ.

ಈಗ ಚೀಟಿ ವಿಷಯ. ‘ತೂಕ ಇಳಿಸುತ್ತದೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಇದು ಎಲ್ಲಿಂದ ಬಂತು ಅಂದರೆ, ಮುರುಗಲು ಮತ್ತು ಅದರ ಜಾತಿಯ ಉಪ್ಪಾಗೆ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಒಂದಿದೆ. ಅದಕ್ಕೆ ಬೊಜ್ಜು ಕರಗಿಸುವ ಮಾತ್ರೆಯವರಿಂದ ಬೇಡಿಕೆ ಬಂದು, 1990ರ ದಶಕದಲ್ಲಿ ನಮ್ಮ ಕಾಡಿನಲ್ಲಿ ಉಪ್ಪಾಗೆ ಕೊಯ್ಯಲು ಜನ ಮುಗಿಬಿದ್ದಿದ್ದರು. ಹಣ್ಣಿಗಾಗಿ ಟೊಂಗೆಯನ್ನೇ ಕಡಿದವರೂ ಇದ್ದರು. ಆ ಮಾತ್ರೆಯಿಂದ ನಿಜಕ್ಕೂ ತೂಕ ಇಳಿಯುತ್ತದೆ ಅನ್ನುವುದಕ್ಕೇ ಗಟ್ಟಿ ಆಧಾರ ಇಲ್ಲ. ಇರಲಿ, ಆ ಆಮ್ಲ ಇರುವುದು ಸಿಪ್ಪೆಯಲ್ಲಿ. ಬೀಜದ ತುಪ್ಪಕ್ಕೂ ಅದಕ್ಕೂ ಏನು ಸಂಬಂಧ? ತುಪ್ಪ ಅಂದರೆ ಪೂರ್ತಿ ಕೊಬ್ಬು, ಗ್ರಾಂಗೆ 9 ಕ್ಯಾಲೊರಿ. ಅದನ್ನು ತಿಂದು ತೆಳ್ಳಗಾಗುವುದು ಹೇಗೆ ಅಂತ ಚೀಟಿ ಬರೆದವರೇ ಹೇಳಬೇಕು.

ತಿನ್ನಬಾರದು ಅಂತಲ್ಲ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಉಪ್ಪಾಗೆ ಬೀಜದ ತುಪ್ಪವನ್ನು ಅಡುಗೆಗೆ ಬಳಸುತ್ತಾ ಬಂದಿದ್ದಾರೆ. ನನ್ನ ಅತ್ತೆ ದೋಸೆ ಕಾವಲಿಗೆ ಇವತ್ತಿಗೂ ಅದನ್ನೇ ಸವರುತ್ತಾರೆ. ಮುರುಗಲ ಬೀಜದ ಕೊಬ್ಬನ್ನು ಯುರೋಪಿನವರು ಚಾಕಲೇಟಿಗೂ ಬಿಡುತ್ತಾರೆ. ಕೋಕೋ ಬೆಣ್ಣೆ ಜೊತೆಗೆ ನೂರಕ್ಕೆ 5ರವರೆಗೆ ಸೇರಿಸಬಹುದಾದ ಆರು ಕೊಬ್ಬುಗಳ ಪಟ್ಟಿ 2000ದ ಅವರ ನಿಯಮದಲ್ಲಿದೆ, ಅದರಲ್ಲಿ ಕೋಕಂ ಕೂಡ ಒಂದು. ಸ್ಟಿಯರಿಕ್ ಆಮ್ಲ ಬೇರೆ ಗಟ್ಟಿ ಕೊಬ್ಬುಗಳಷ್ಟು ಕೊಲೆಸ್ಟ್ರಾಲ್ ಏರಿಸುವುದಿಲ್ಲ ಅನ್ನುವುದೂ ನಿಜ. ಅಷ್ಟಕ್ಕೇ ಅದನ್ನು ಹೃದಯದ ಔಷಧಿ ಮಾಡಿಬಿಟ್ಟರೆ ಅತಿಯಾಯಿತು. ಚೀಟಿಯಲ್ಲಿ ಅದೂ ಇದೆ ಅನ್ನಿ.

ಅಂಗಡಿಯ ಅಕ್ಕನಿಗೆ ಇದನ್ನು ಹೇಳಿದೆ. ‘ಚೀಟಿ ಪ್ರಿಂಟ್ ಹಾಕ್ಸಿದ್ದು ನನ್ನ ಅಳಿಯ ಮಾರಾಯ್ತಿ, ನೀನು ಕಾಲಿಗೆ ಹಚ್ಚು ಸಾಕು’ ಅಂದರು. ಅಕ್ಕ ಪ್ರಾಮಾಣಿಕರು.

ರೇಟು 100 ಗ್ರಾಂಗೆ 120 ರೂಪಾಯಿ. ಜಾಸ್ತಿ ಅನ್ನಿಸಬಹುದು, ಆದರೆ ಒಂದು ಸಲಕ್ಕೆ ಬೇಕಾಗುವುದು ಕಡಲೆಕಾಳಿನಷ್ಟು. ಆನ್‌ಲೈನಿನಲ್ಲಿ ತಂಗಿ ತರಿಸಿದ ಕೋಕಂ ಕ್ರೀಮು ಇದರ ಮೂರು ಪಟ್ಟು. ಅದರ ಪಟ್ಟಿ ಓದಿದರೆ ಮೊದಲ ಹೆಸರೇ ನೀರು, ಕೋಕಂ ಎಲ್ಲೋ ಕೊನೆಯಲ್ಲಿ. ಪರಿಮಳ ಮಾತ್ರ ಭರ್ಜರಿ.

ತಕರಾರೂ ಇದೆ. ಸರಿಯಾಗಿ ಸೋಸಿಲ್ಲ, ಕರಗಿಸಿದರೆ ತಳದಲ್ಲಿ ಕಪ್ಪು ಪುಡಿ ಕೂರುತ್ತದೆ. ಒಮ್ಮೆ ಸಿಕ್ಕಿದ್ದಕ್ಕೆ ಮುಗ್ಗು ವಾಸನೆ ಇತ್ತು. ಈಗ ಮುಚ್ಚಳ ತೆಗೆದು ಮೂಸಿಯೇ ದುಡ್ಡು ಕೊಡುತ್ತೇನೆ. ಯಾವಾಗ ಮಾಡಿದ್ದು ಅನ್ನುವ ತಾರೀಖು ಡಬ್ಬಿ ಮೇಲೆ ಇಲ್ಲ. ತೂಕ ಇಳಿಸುವ ಸಾಲು ತೆಗೆದು ಅಲ್ಲಿ ತಾರೀಖು ಹಾಕಲಿ. ಡಿಸೆಂಬರಿನಲ್ಲಿ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಚಾಕು ಬೇಕು. ಅದಕ್ಕೆ ನಾನು ಮನೆಗೆ ತಂದ ಕೂಡಲೇ ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಷ್ಟೇ ತೆಂಗಿನೆಣ್ಣೆ ಬೆರೆಸಿ ಸ್ಟೀಲ್ ಡಬ್ಬಿಗೆ ಹಾಕಿಡುತ್ತೇನೆ. ಆಗ ಬೆರಳಿಗೆ ಸಲೀಸಾಗಿ ಬರುತ್ತದೆ. ಬೇಸಿಗೆಯಲ್ಲಿ ಕುಮಟಾ, ಕಾರವಾರದ ಕಡೆಗೆ ಒಯ್ಯುವವರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ, ಆ ಡಬ್ಬಿಯ ಮುಚ್ಚಳ ಸೋರುತ್ತದೆ.