ಹೊಗೆಯ ಶಾಖದಿಂದ ವಿದ್ಯುತ್: ಕೂಡ್ಲೂರಿನ ಕಾಫಿ ಘಟಕದಲ್ಲಿ ನಾಲ್ಕು ಹಂಗಾಮು

ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಕಾಫಿ ಒಣಗಿಸುವ ಮತ್ತು ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸುವ) ಘಟಕವಿದೆ. ಡ್ರೈಯರುಗಳಿಗೆ ಬಿಸಿ ಗಾಳಿ ಕೊಡುವ ಕುಲುಮೆಗೆ ಕಾಫಿ ಹೊಟ್ಟೇ ಉರುವಲು. ಆ ಕುಲುಮೆಯ ಚಿಮಣಿಯಲ್ಲಿ ವ್ಯರ್ಥವಾಗಿ ಹೊರಟುಹೋಗುತ್ತಿದ್ದ ಶಾಖದಿಂದ ವಿದ್ಯುತ್ ತಯಾರಿಸುವ 15 ಕಿಲೋವ್ಯಾಟಿನ ಟರ್ಬೈನ್ ಜನರೇಟರ್ ಒಂದನ್ನು 2021ರ ಹಂಗಾಮಿಗೆ ಮೊದಲು ಕೂರಿಸಿದೆವು. ಈಗ ನಾಲ್ಕು ಹಂಗಾಮು ಮುಗಿದು, ಯಂತ್ರದ ಗಂಟೆ ಮೀಟರ್ ಹತ್ತು ಸಾವಿರ ದಾಟಿದೆ. ಕೊಂಡ ಹೊಸತರಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು, ಎರಡನೇ ವರ್ಷ ಬರೆದಿದ್ದರೆ ಬರೀ ದೂರಾಗುತ್ತಿತ್ತು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಹೇಳಲಿರುವುದರಲ್ಲಿ ಹೆಚ್ಚಿನದು ಈ ಬಗೆಯ ಯಾವ ಯಂತ್ರಕ್ಕಾದರೂ ಅನ್ವಯಿಸುತ್ತದೆ.

ಯಂತ್ರದ ಕೆಲಸವನ್ನು ಮೊದಲು ಹೇಳುತ್ತೇನೆ. ನೀರನ್ನು ಕುದಿಸಿ ಹಬೆ ಮಾಡಿ ಟರ್ಬೈನ್ ತಿರುಗಿಸುವುದಕ್ಕೆ ನಮ್ಮ ಹೊಗೆಯ ಬಿಸಿ ಸಾಲದು. ಆದ್ದರಿಂದ ಇದರೊಳಗೆ ನೀರಿನ ಬದಲು ಆರ್-245ಎಫ್‌ಎ ಎಂಬ ಶೀತಕವಿರುತ್ತದೆ. ಅದು ಸಾಮಾನ್ಯ ಒತ್ತಡದಲ್ಲಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ. ಚಿಮಣಿಯ ಬುಡದಲ್ಲಿ ಕೂರಿಸಿದ ಕೊಳವೆಗಳ ಗೂಡಿನಲ್ಲಿ ಹೊಗೆಯು ಒತ್ತಡದ ನೀರನ್ನು 115 ಡಿಗ್ರಿಯವರೆಗೆ ಕಾಯಿಸುತ್ತದೆ, ಆ ನೀರು ಶೀತಕವನ್ನು ಆವಿಯಾಗಿಸುತ್ತದೆ, ಆವಿಯು ಅಂಗೈಯಗಲದ ಟರ್ಬೈನ್ ಚಕ್ರವನ್ನು ತಿರುಗಿಸಿ, ಮುಂದೆ ಕೂಲಿಂಗ್ ಟವರಿನ ನೀರಿನಿಂದ ತಣ್ಣಗಾಗಿ ದ್ರವವಾಗಿ, ಪಂಪಿನ ಮೂಲಕ ಮತ್ತೆ ಮೊದಲ ಜಾಗಕ್ಕೆ ಮರಳುತ್ತದೆ. ಇದಕ್ಕೆ ಆರ್ಗ್ಯಾನಿಕ್ ರ‍್ಯಾಂಕಿನ್ ಸೈಕಲ್ ಎಂದು ಹೆಸರು. ವಿಧಾನ ಹೊಸದಲ್ಲ, ಇಸ್ರೇಲಿನ ಹ್ಯಾರಿ ಟೇಬರ್ ಮತ್ತು ಲೂಸಿಯನ್ ಬ್ರೊನಿಕಿ ಅವರು 1960ರ ದಶಕದ ಆರಂಭದಲ್ಲಿಯೇ ಇಂಥ ಸಣ್ಣ ಟರ್ಬೈನುಗಳನ್ನು ರೂಪಿಸಿದ್ದರು.

ಯಂತ್ರದ ಫಲಕದ ಮೇಲಿರುವ 15 ಎಂಬ ಅಂಕಿಯನ್ನು ನಾನು ಒಂದು ದಿನವೂ ಕಂಡಿಲ್ಲ. ಕುಲುಮೆ ಪೂರ್ತಿ ಉರಿಯುತ್ತಿರುವಾಗ, ಕೊಳವೆಗಳು ಶುಚಿಯಾಗಿರುವಾಗ ಜನರೇಟರಿನ ತುದಿಯಲ್ಲಿ 11ರಿಂದ 12 ಕಿಲೋವ್ಯಾಟ್ ಬರುತ್ತದೆ. ಅದರಲ್ಲಿ ಶೀತಕದ ಪಂಪು, ಬಿಸಿನೀರಿನ ಪಂಪು, ಕೂಲಿಂಗ್ ಟವರಿನ ಪಂಪು ಮತ್ತು ಫ್ಯಾನು ಸೇರಿ ಎರಡೂವರೆಯಿಂದ ಮೂರು ಕಿಲೋವ್ಯಾಟ್ ತಿನ್ನುತ್ತವೆ. ನಮ್ಮ ಪ್ಯಾನೆಲ್ ಬೋರ್ಡಿಗೆ ನಿಜವಾಗಿ ಸೇರುವುದು ಒಂಬತ್ತರ ಆಸುಪಾಸು. ಮಾರಾಟಗಾರರು ತೋರಿಸಿದ ಲೆಕ್ಕದಲ್ಲಿ ಈ ಸ್ವಂತ ಬಳಕೆಯ ಸಾಲೇ ಇರಲಿಲ್ಲ. ಅವರು ಸುಳ್ಳು ಹೇಳಿದರೆನ್ನಲಾರೆ, ಏಕೆಂದರೆ ನಾನೂ ಕೇಳಿರಲಿಲ್ಲ. ಆದರೆ ಕೊಳ್ಳುವವರು ಕೇಳಲೇಬೇಕಾದ ಮೊದಲ ಪ್ರಶ್ನೆ ಇದು: ಎಲ್ಲ ಪಂಪು, ಫ್ಯಾನುಗಳ ಖರ್ಚು ಕಳೆದ ಮೇಲೆ, ನಮ್ಮ ಊರಿನ ನೀರಿನ ತಾಪಮಾನದಲ್ಲಿ, ಉಳಿಯುವುದೆಷ್ಟು?

ನಮ್ಮ ಊರಿನ ನೀರು ಎಂದದ್ದಕ್ಕೆ ಕಾರಣವಿದೆ. ಇಂಥ ಯಂತ್ರಕ್ಕೆ ಬಿಸಿಯ ಕಡೆ ಎಷ್ಟು ಮುಖ್ಯವೋ ತಂಪಿನ ಕಡೆಯೂ ಅಷ್ಟೇ ಮುಖ್ಯ. 115 ಡಿಗ್ರಿಯ ಬಿಸಿ, 25 ಡಿಗ್ರಿಯ ತಂಪು ಇದ್ದಾಗ, ಫ್ರಾನ್ಸಿನ ವಿಜ್ಞಾನಿ ಕಾರ್ನೋ 1824ರಲ್ಲಿ ತೋರಿಸಿಕೊಟ್ಟ ನಿಯಮದಂತೆ, ಯಾವ ಯಂತ್ರವೂ ಒಳಹೋದ ಶಾಖದ ಶೇಕಡಾ 23ಕ್ಕಿಂತ ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಲಾರದು. ವಾಸ್ತವದಲ್ಲಿ ನಮಗೆ ಸಿಗುವುದು ಶೇಕಡಾ 8ರ ಸುತ್ತ. ಹೀಗೆ ಮೊದಲೇ ಕಿರಿದಾದ ಅಂತರದಲ್ಲಿ ಐದಾರು ಡಿಗ್ರಿಗಳ ಏರುಪೇರೂ ದೊಡ್ಡದಾಗುತ್ತದೆ. ಹುತ್ತರಿ ಹಬ್ಬ ಕಳೆದ ಮೇಲಿನ ಚಳಿಯ ದಿನಗಳಲ್ಲಿ, ಬೆಳಗಿನ ಜಾವ ಕಾವೇರಿಯ ಕಡೆಯಿಂದ ಮಂಜು ಕವಿದು ಟವರಿನ ನೀರು 18 ಡಿಗ್ರಿಗೆ ಇಳಿದಾಗ, ಮೀಟರಿನಲ್ಲಿ 12 ಕಿಲೋವ್ಯಾಟ್ ದಾಟಿದ್ದನ್ನು ಲಾಗ್ ಪುಸ್ತಕದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದೇ ಯಂತ್ರ, ಅದೇ ಹೊಟ್ಟು, ಅದೇ ಕುಲುಮೆ. ಏಪ್ರಿಲ್ ಮಧ್ಯಾಹ್ನದಲ್ಲಿ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಬಯಲುಸೀಮೆಯಲ್ಲಿ ಇದೇ ಯಂತ್ರವನ್ನು ಇಡುವವರು ನಮ್ಮ ಡಿಸೆಂಬರಿನ ಅಂಕಿಗಳನ್ನು ನಂಬಿಕೊಳ್ಳಬಾರದು.

ಇನ್ನು ಬೂದಿಯ ವಿಷಯ. ನಾಲ್ಕು ವರ್ಷಗಳಲ್ಲಿ ಯಂತ್ರದ ಟರ್ಬೈನ್ ಭಾಗ ನನಗೆ ತೊಂದರೆ ಕೊಟ್ಟದ್ದು ತೀರಾ ಕಡಿಮೆ, ಹೊಗೆಗೂಡಿನ ಕೊಳವೆಗಳು ಕೊಟ್ಟದ್ದು ತೀರಾ ಹೆಚ್ಚು. ಕಾಫಿ ಹೊಟ್ಟಿನ ಬೂದಿಯಲ್ಲಿ ಪೊಟ್ಯಾಷ್ ಅಂಶ ಬಹಳ. ತೋಟಕ್ಕೆ ಅದು ಒಳ್ಳೆಯ ಗೊಬ್ಬರ, ಆದರೆ ಉಕ್ಕಿನ ಕೊಳವೆಗೆ ಶತ್ರು. ಪೊಟ್ಯಾಷಿರುವ ಬೂದಿ ಕಡಿಮೆ ಬಿಸಿಗೇ ಮೆತ್ತಗಾಗಿ ಕೊಳವೆಗಳ ಮೈಗೆ ಅಂಟಿಕೊಳ್ಳುತ್ತದೆ, ಅದರ ಮೇಲೆ ಮಸಿ ಕೂರುತ್ತದೆ, ಮಸಿಯ ಮೇಲೆ ಮತ್ತೆ ಬೂದಿ. ಮೊದಲ ಹಂಗಾಮಿನ ಜನವರಿಯಲ್ಲಿ ಹತ್ತೇ ದಿನಗಳಲ್ಲಿ ಉತ್ಪಾದನೆ 12ರಿಂದ 9ಕ್ಕೆ ಇಳಿದಾಗ ನಾನು ಟರ್ಬೈನನ್ನು ಅನುಮಾನಿಸಿ ಬೆಂಗಳೂರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದೆ. ಕುಲುಮೆ ನೋಡಿಕೊಳ್ಳುವ ನಮ್ಮ ಹಿರಿಯ ಕೆಲಸಗಾರರು ಗೂಡಿನ ಬಾಗಿಲು ತೆಗೆಸಿ, ಟಾರ್ಚ್ ಹಾಕಿ, ಮೇಲಿನ ಸಾಲನ್ನು ಕಬ್ಬಿಣದ ಸಲಾಕೆಯಿಂದ ಕುಟ್ಟಿ ನನ್ನನ್ನು ಕರೆದರು. “ಸಾರ್, ಇಲ್ಲಿ ನೋಡಿ, ಇದು ಮಸಿಯಲ್ಲ, ಕಲ್ಲಾಗಿದೆ. ಬ್ರಷ್ ಹಿಡಿಯೋದಿಲ್ಲ” ಎಂದರು. ಒಡೆದು ಕೈಗೆ ಕೊಟ್ಟ ಚೂರು ಬೂದುಬಣ್ಣದ ಗಾಜಿನಂತಿತ್ತು, ಒಂದು ಬದಿಯಲ್ಲಿ ಕೊಳವೆಯ ದುಂಡು ಅಚ್ಚು ಹಾಗೇ ಮೂಡಿತ್ತು. ಟರ್ಬೈನು ಆರೋಗ್ಯವಾಗಿಯೇ ಇತ್ತು. ಅದಕ್ಕೆ ಶಾಖ ತಲುಪುತ್ತಿರಲಿಲ್ಲ, ಅಷ್ಟೇ.

ಆಮೇಲೆ ಪ್ರತಿ ಭಾನುವಾರ ಕುಲುಮೆ ಆರಿಸಿ ತಂತಿಬ್ರಷ್ ಹಾಕುವುದನ್ನು ಕಟ್ಟುನಿಟ್ಟು ಮಾಡಿದೆವು. ಎರಡನೇ ಹಂಗಾಮಿಗೆ ಮುಂಚೆ ಗೂಡಿನ ಮುಂದೆ ಬೂದಿ ಉದುರುವ ಒಂದು ಖಾಲಿ ಕೋಣೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿದೆ. ಅಲ್ಲಿ ಹೊಗೆಯ ವೇಗ ತಗ್ಗಿ, ದಪ್ಪ ಬೂದಿ ಕೆಳಗೆ ಬಿದ್ದುಹೋಗುತ್ತದೆ. ಸಾವಿರಾರು ರೂಪಾಯಿಯಲ್ಲಿ ಮುಗಿದ ಈ ಕೋಣೆ, ಲಕ್ಷಗಟ್ಟಲೆ ಸುರಿದ ಯಂತ್ರದಷ್ಟೇ ಮುಖ್ಯವೆಂದು ಈಗ ಅನ್ನಿಸುತ್ತದೆ. ಗೂಡು ದಾಟಿದ ಹೊಗೆಗೆ ಒಂದು ಥರ್ಮಾಮೀಟರನ್ನೂ ಹಾಕಿಸಿದೆ. ಶುಚಿಯಾದ ದಿನ ಅದು 160 ತೋರಿಸುತ್ತದೆ, 200 ದಾಟಿತೆಂದರೆ ಶಾಖ ನೀರಿಗೆ ಹೋಗದೆ ಆಕಾಶಕ್ಕೆ ಹೋಗುತ್ತಿದೆ ಎಂದೇ ಅರ್ಥ. ಉತ್ಪಾದನೆಯ ಮೀಟರಿಗಿಂತ ಹೆಚ್ಚಾಗಿ ನಾನು ನೋಡುವುದು ಇದನ್ನೇ.

ಕೊಳ್ಳುವಾಗ ನಾನು ತಪ್ಪಾಗಿ ತಿಳಿದಿದ್ದ ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯಲೇಬೇಕು. ಕರೆಂಟು ಹೋದಾಗಲೂ ಇದು ನಮಗೆ ಬೆಳಕು ಕೊಡುತ್ತದೆ ಎಂದುಕೊಂಡಿದ್ದೆ. ಕೊಡುವುದಿಲ್ಲ. ಈ ಯಂತ್ರದ ಇನ್ವರ್ಟರ್ ಹೊರಗಿನ ಲೈನನ್ನು ನೋಡಿಕೊಂಡು ಅದರ ತಾಳಕ್ಕೆ ತಕ್ಕಂತೆ ವಿದ್ಯುತ್ ಕೂಡಿಸುವ ಬಗೆಯದು. ಲೈನಿನಲ್ಲಿ ದುರಸ್ತಿ ಮಾಡುವವರ ಪ್ರಾಣಕ್ಕೆ ಅಪಾಯವಾಗಬಾರದೆಂದು, ಲೈನು ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಗೂ ಈ ರಕ್ಷಣೆ ಇರಬೇಕಾಗುತ್ತದೆ. ಕೊನೆಗೆ ನಮ್ಮ ಡಿ.ಜಿ. ಸೆಟ್ಟಿನೊಂದಿಗೆ ಹೊಂದಿಸುವ ವ್ಯವಸ್ಥೆಯನ್ನು ಬೇರೆಯಾಗಿ ಮಾಡಿಸಿಕೊಂಡೆವು. ಈಗ ಕರೆಂಟು ಹೋದರೆ ಡೀಸೆಲ್ ಜನರೇಟರ್ ಮೊದಲು ಎದ್ದು ನಿಲ್ಲುತ್ತದೆ, ಅದರ ಜೊತೆಗೆ ಟರ್ಬೈನು ಸೇರಿಕೊಳ್ಳುತ್ತದೆ. ಆದರೆ ಡಿ.ಜಿ. ಮೇಲಿನ ಲೋಡು ತೀರಾ ಕಡಿಮೆಯಾಗಬಾರದು, ಮೂರನೇ ಒಂದು ಭಾಗವಾದರೂ ಅದರ ಮೇಲೆ ಉಳಿದಿರಬೇಕು. ಇಲ್ಲವಾದರೆ ಎಂಜಿನ್ನಿನಲ್ಲಿ ಇಂಗಾಲ ಕಟ್ಟುತ್ತದೆ. ಡೀಸೆಲಿನಿಂದ ಬರುವ ಒಂದು ಯೂನಿಟ್ಟಿನ ಬೆಲೆ ಲೈನಿನ ಯೂನಿಟ್ಟಿನ ಮೂರು ಪಟ್ಟಿಗೂ ಹೆಚ್ಚಾದ್ದರಿಂದ, ಆ ಗಂಟೆಗಳಲ್ಲಿ ಟರ್ಬೈನಿನ ಪ್ರತಿ ಯೂನಿಟ್ಟೂ ಚೆನ್ನಾಗಿ ಬೆಲೆಬಾಳುತ್ತದೆ. ಕೊಡಗಿನಲ್ಲಿ ಮರ ಬಿದ್ದು, ಕಂಬ ಮುರಿದು ಕರೆಂಟು ಹೆಚ್ಚಾಗಿ ಹೋಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ. ಆ ಹೊತ್ತಿಗೆ ನಮ್ಮ ಕುಲುಮೆ ಆರಿರುತ್ತದೆ ಎಂಬುದು ಮಾತ್ರ ನನಗೆ ಈಗಲೂ ಬೇಸರದ ಸಂಗತಿ.

ಮೂರನೇ ಹಂಗಾಮಿನಲ್ಲಿ ಶೀತಕ ಸೋರಿತು. ಆವಿಯಾಗಿಸುವ ಭಾಗದ ಒಂದು ಫ್ಲೇಂಜಿನ, ಅಂದರೆ ಬೋಲ್ಟು ಹಾಕಿದ ಜೋಡಣೆಯ, ನಡುವಿನ ಸೀಲಾದ ಗ್ಯಾಸ್ಕೆಟ್ ಸಡಿಲವಾಗಿತ್ತು. ಸೋಪಿನ ನೀರು ಹಚ್ಚಿದಾಗ ಎರಡು ಬೋಲ್ಟುಗಳ ನಡುವೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ತಂತ್ರಜ್ಞರು ಬರುವುದಕ್ಕೆ ಹದಿನೇಳು ದಿನ ಹಿಡಿಯಿತು, ಅಷ್ಟೂ ದಿನ ಯಂತ್ರ ನಿಂತಿತ್ತು. ಹಂಗಾಮಿನ ನಡುವೆ ಹದಿನೇಳು ದಿನವೆಂದರೆ ಚಿಕ್ಕ ನಷ್ಟವಲ್ಲ. ಒಟ್ಟು ಎಂಟು ಕಿಲೋ ಶೀತಕ ತುಂಬಬೇಕಾಯಿತು. ಅದರ ಬಿಲ್ಲಿಗಿಂತಲೂ ನನ್ನ ಮನಸ್ಸನ್ನು ಕುಟುಕಿದ್ದು ಬೇರೆ ಲೆಕ್ಕ. ಈ ಶೀತಕವು ಗಾಳಿಗೆ ಸೇರಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಎಂಟುನೂರರಿಂದ ಸಾವಿರ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಅಂದರೆ ಎಂಟು ಕಿಲೋ ಸೋರಿಕೆ ಏಳು ಟನ್ನಿನ ಆಸುಪಾಸಿನ ಇಂಗಾಲದ ಡೈಆಕ್ಸೈಡಿಗೆ ಸಮ. ನಮ್ಮ ದೇಶದ ಲೈನಿನ ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂದು ಹಿಡಿದರೆ, ಯಂತ್ರವು ಅರ್ಧ ಹಂಗಾಮು ದುಡಿದು ಉಳಿಸಿದ್ದನ್ನು ಒಂದು ಗ್ಯಾಸ್ಕೆಟ್ ಕಳೆದುಬಿಟ್ಟಿತು. ಪರಿಸರದ ಹೆಸರಿನಲ್ಲಿ ಇಂಥ ಯಂತ್ರ ಕೊಳ್ಳುವವರು ಇದನ್ನು ತಿಳಿದಿರಬೇಕು. ಭಾರತ 2021ರಲ್ಲಿ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಮೋದಿಸಿರುವುದರಿಂದ ಇಂಥ ಶೀತಕಗಳ ಬಳಕೆ ಮುಂದೆ ಹಂತ ಹಂತವಾಗಿ ತಗ್ಗಲೇಬೇಕು. ಇಂದು ನಾನು ಕೊಳ್ಳುವುದಾದರೆ, ಭೂಮಿಯ ತಾಪಮಾನದ ಮೇಲೆ ಬಹಳ ಕಡಿಮೆ ಪರಿಣಾಮವಿರುವ ಆರ್-1233ಜೆಡ್‌ಡಿ ಶೀತಕದ ಯಂತ್ರವನ್ನೇ ಕೇಳುತ್ತೇನೆ.

ಹಣದ ಲೆಕ್ಕ ಹೀಗಿದೆ. ಯಂತ್ರ, ಹೊಗೆಗೂಡು, ಟವರು, ವೈರಿಂಗ್ ಎಲ್ಲ ಸೇರಿ ನಮಗೆ 24 ಲಕ್ಷ ರೂಪಾಯಿ ಆಯಿತು. ವರ್ಷಕ್ಕೆ ಸರಾಸರಿ 2,500 ಗಂಟೆ ಓಡಿ, ನಿಂತ ದಿನ, ಮಸಿ ಹಿಡಿದ ದಿನಗಳನ್ನೆಲ್ಲ ಕಳೆದರೆ, ಸುಮಾರು 20,000 ಯೂನಿಟ್ ನಿವ್ವಳವಾಗಿ ಸಿಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 1 ಲಕ್ಷ 60 ಸಾವಿರ. ಹಾಕಿದ ಹಣ ಮರಳುವುದಕ್ಕೆ ಹದಿನೈದು ವರ್ಷ ಬೇಕು, ಅದೂ ರಿಪೇರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. 2021ರ ನವೆಂಬರಿನಲ್ಲಿ ಅಕಾಲಿಕ ಮಳೆ ಸುರಿದು, ಕಣದಲ್ಲಿ ಒಣಗಬೇಕಿದ್ದ ಹಣ್ಣೆಲ್ಲ ಡ್ರೈಯರಿಗೆ ಬಂದ ಹಂಗಾಮಿನಲ್ಲಿ ಯಂತ್ರ ಹೆಚ್ಚು ದುಡಿಯಿತು. ಆದರೆ ಬೆಳೆಗಾರರ ಸಂಕಟದ ವರ್ಷವನ್ನು ನಮ್ಮ ಯಂತ್ರದ ಲಾಭದ ವರ್ಷವೆಂದು ಎಣಿಸಲು ನನಗೆ ಮನಸ್ಸಿಲ್ಲ. ಹಗಲು ರಾತ್ರಿ, ಹನ್ನೆರಡು ತಿಂಗಳು ಒಂದೇ ಸಮನೆ ಶಾಖ ಹೊರಬರುವ ಸಿಮೆಂಟ್ ಕಾರ್ಖಾನೆಯಂಥ ಕಡೆ ಲೆಕ್ಕ ಪೂರಾ ಬೇರೆಯಾಗುತ್ತದೆ. ವರ್ಷಕ್ಕೆ ಐದು ತಿಂಗಳು ಮಾತ್ರ ಕುಲುಮೆ ಹಚ್ಚುವ ನಮ್ಮಂಥ ಘಟಕಕ್ಕೆ, ಕೇವಲ ವಿದ್ಯುತ್ತಿಗಾಗಿ ಈ ಯಂತ್ರ ಗಿಟ್ಟುವುದಿಲ್ಲ.

ಕೇವಲ ವಿದ್ಯುತ್ತಿಗಾಗಿ ಎಂದೆ, ಏಕೆಂದರೆ ನಾಲ್ಕನೇ ಹಂಗಾಮಿನಲ್ಲಿ ನಮ್ಮ ಫಿಟ್ಟರ್ ಹುಡುಗ ಒಂದು ಮಾತು ಹೇಳಿದ. ಒಳಹೋದ ಶಾಖದಲ್ಲಿ ನೂರಕ್ಕೆ ತೊಂಬತ್ತರಷ್ಟು ಕೂಲಿಂಗ್ ಟವರಿನಲ್ಲಿ ಬೆಚ್ಚನೆಯ ನೀರಾಗಿ ಹೋಗುತ್ತಿದೆ, ಅದೇ ಹೊತ್ತಿಗೆ ಪಕ್ಕದ ಶೆಡ್ಡಿನಲ್ಲಿ ಡ್ರೈಯರಿನ ಬ್ಲೋವರುಗಳು 14 ಡಿಗ್ರಿಯ ಮಂಜುಗಾಳಿಯನ್ನು ಎಳೆದುಕೊಳ್ಳುತ್ತಿವೆ, ಎರಡನ್ನೂ ಸೇರಿಸಬಾರದೇಕೆ ಎಂದು ಕೇಳಿದ. ನಾಲ್ಕು ವರ್ಷ ಎರಡರ ನಡುವೆ ಓಡಾಡಿದ್ದ ನನಗೆ ಇದು ಹೊಳೆದಿರಲಿಲ್ಲ. ಬ್ಲೋವರುಗಳ ಬಾಯಿಗೆ ರೇಡಿಯೇಟರ್ ಕೂರಿಸಿ, ಟವರಿಗೆ ಹೋಗುವ ಮುಂಚೆ ನೀರನ್ನು ಅದರ ಮೂಲಕ ಹಾಯಿಸಿದೆವು. ಒಳಗೆಳೆಯುವ ಗಾಳಿ ಬೆಳಗಿನ ಜಾವದಲ್ಲಿ 23–24 ಡಿಗ್ರಿಗೆ ಏರಿತು. ಕಾಫಿ ಒಣಗಿಸಲು ಬೇಕಾದ ಗಾಳಿ 50 ಡಿಗ್ರಿಯ ಸುತ್ತಮುತ್ತಲಿನದಾದ್ದರಿಂದ ಈ ಹತ್ತು ಡಿಗ್ರಿ ಸಣ್ಣ ಸಹಾಯವಲ್ಲ. ಆ ಪಾಳಿಯಲ್ಲಿ ಗಂಟೆಗೆ 300 ಕಿಲೋ ಸುಡುತ್ತಿದ್ದ ಹೊಟ್ಟು 270ರ ಹತ್ತಿರಕ್ಕೆ ಇಳಿಯಿತು. ಉಳಿದ ಹೊಟ್ಟಿಗೆ ಉರುವಲಾಗಿ ಕೊಳ್ಳುವವರಿದ್ದಾರೆ, ಹಾಗಾಗಿ ಅದು ನೇರವಾಗಿ ಹಣವೇ. ಚಳಿಯ ಗಂಟೆಗಳಲ್ಲಿ ಟರ್ಬೈನಿನ ವಿದ್ಯುತ್ತಿಗಿಂತ ಈ ಬೆಚ್ಚನೆಯ ನೀರೇ ನಮಗೆ ಹೆಚ್ಚು ಉಳಿಸಿಕೊಡುತ್ತಿದೆ.

ಹಾಗಾಗಿ ಇಂಥ ಯಂತ್ರದ ಬಗ್ಗೆ ಕೇಳಲು ಬರುವ ಬೆಳೆಗಾರರಿಗೂ ಘಟಕದವರಿಗೂ ನಾನು ಮೊದಲು ಕುಲುಮೆಯನ್ನೇ ತೋರಿಸುತ್ತೇನೆ. ಶಾಖವನ್ನು ಶಾಖವಾಗಿಯೇ ಬಳಸಲು ಪಕ್ಕದಲ್ಲಿ ಜಾಗವಿದ್ದರೆ ಅದನ್ನು ಮೊದಲು ಮಾಡಿ, ಹೊಗೆಯ ಬಿಸಿಯನ್ನು ಒಂದು ಇಡೀ ಹಂಗಾಮು ಗಂಟೆಗಂಟೆಗೆ ಬರೆದಿಡಿ, ಆಮೇಲೂ ಚಿಮಣಿಯಲ್ಲಿ ಬಿಸಿ ಉಳಿದಿದ್ದರೆ ಟರ್ಬೈನಿನ ಮಾತಿಗೆ ಬನ್ನಿ ಎನ್ನುತ್ತೇನೆ. ಯಂತ್ರದ ಮಟ್ಟಿಗೆ ಹೇಳುವುದಾದರೆ, ಟರ್ಬೈನು ಮತ್ತು ಜನರೇಟರಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ, ಮಾರಾಟದ ನಂತರದ ಸೇವೆಗೆ ಎರಡು.

ಈಗ ಮಳೆಗಾಲ. ಯಂತ್ರದ ನೀರು ಬಸಿದು, ಪ್ಯಾನೆಲಿನೊಳಗೆ ತೇವ ಸೇರದಂತೆ ಒಂದು ಬಲ್ಬ್ ಉರಿಸಿಟ್ಟಿದ್ದೇವೆ. ಟರ್ಬೈನಿನ ಬೇರಿಂಗುಗಳನ್ನು ಹತ್ತು ಸಾವಿರ ಗಂಟೆಗೆ ಬದಲಿಸಬೇಕೆಂದು ಕೈಪಿಡಿಯಲ್ಲಿದೆ. ಸೇವೆಯವರು ಕೈಲ್ ಪೊಳ್ದು ಹಬ್ಬ ಮುಗಿದ ಮರುವಾರ ಬರುವುದಾಗಿ ಒಪ್ಪಿದ್ದಾರೆ. ಈ ಸಲ ಹೊಸ ಬೇರಿಂಗುಗಳ ಜೊತೆಗೆ ಎಲ್ಲ ಫ್ಲೇಂಜುಗಳಿಗೂ ಆಗುವಷ್ಟು ಗ್ಯಾಸ್ಕೆಟ್‌ಗಳನ್ನು ಮುಂಚೆಯೇ ತರಿಸಿ, ಸ್ಟೋರಿನ ಬೀರುವಿನಲ್ಲಿ ಇಟ್ಟಿದ್ದೇನೆ.