ಕೆಲಸ ಬಿಡದೆ ಓದೋಕೆ: ಮುಕ್ತ ವಿವಿ, ಇಗ್ನೋ, ಸಂಜೆ ಕ್ಲಾಸ್

ಚಿಕ್ಕಮಗಳೂರಿನ ಕಾಫಿ ಎಸ್ಟೇಟ್‌ನಲ್ಲಿ ರೈಟರ್ (ಲೆಕ್ಕ ಬರೆಯುವ) ಕೆಲಸ ಮಾಡ್ಕೊಂಡೇ ಓದಬೇಕು, ಯಾವುದು ಆಗುತ್ತೆ ಅಂತ ಕೇಳಿದ್ದೀರಿ.

ಮೊದಲು ಭಾಷೆ. ಕನ್ನಡದಲ್ಲೇ ಬಿ.ಎ. ಬರೆಯಬೇಕು ಅಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೇ ಸುಲಭ. 1996ರಲ್ಲಿ ಶುರುವಾಗಿದ್ದು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಮುಂದೆ ಹೊರರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಮಾತ್ರ ಇಗ್ನೋ ವಾಸಿ, ಓದನ್ನು ಅಲ್ಲಿನ ಕೇಂದ್ರಕ್ಕೆ ಬದಲಾಯಿಸಿಕೊಳ್ಳಬಹುದು.

ನಿಮ್ಮ ನಿಜವಾದ ಕಷ್ಟ ಸಮಯದ್ದು. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಕೊಯ್ಲು, ಅಲ್ವಾ? ಸಂಜೆ ಹಣ್ಣು ತೂಕ ಹಾಕಿ, ಆಳುಗಳ ಲೆಕ್ಕ ಬರೆದು ಮುಗಿಸೋ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತೆ. ಪುಸ್ತಕ ಸುಮ್ನೆ ತೊಡೆ ಮೇಲೆ. ಆದರೆ ಮೂರು ವರ್ಷದ ಬಿ.ಎ. ಮುಗಿಸೋಕೆ ಇಗ್ನೋದಲ್ಲಿ 6 ವರ್ಷದವರೆಗೆ ಅವಕಾಶ ಇದೆ. ಜಾಸ್ತಿ ಪೇಪರ್‌ಗಳನ್ನು ಜೂನ್‌ಗೇ ಇಟ್ಟುಕೊಳ್ಳಿ. ಅಸೈನ್‌ಮೆಂಟ್ ಮಾತ್ರ ಮರೆಯಬೇಡಿ.

ಪೇಟೆಯ ಸಂಜೆ ಟ್ಯಾಲಿ (ಕಂಪ್ಯೂಟರ್‌ನಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್) ಕ್ಲಾಸ್ ಕೆಲವೇ ತಿಂಗಳು. ಡಿಗ್ರಿ ಸಿಗಲ್ಲ. ಈಗಿರುವ ಕೆಲಸದಲ್ಲೇ ಲೆಕ್ಕ ಚೆನ್ನಾಗಿ ಬರಬೇಕು ಅಂದರೆ ಇದು ಸಾಕು. ಸೇರುವ ಮುಂಚೆ ನಿಮ್ಮೂರಿನ ಕೊನೇ ಬಸ್ ಎಷ್ಟೊತ್ತಿಗೆ ಅಂತ ನೋಡಿಕೊಳ್ಳಿ.